ಕುದುರೆಗಳು ನಾಲ್ಕು ಸಾವಿರ, ಹಿಡಿತ ಎಷ್ಟು?



ರೈಲು ನಿಲ್ದಾಣದಲ್ಲಿ ಡೀಸೆಲ್ ಎಂಜಿನ್ ಒಂದರ ಪಕ್ಕದಲ್ಲಿ ನಿಂತಾಗ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ, "ಇದು ಎಷ್ಟು ಅಶ್ವಶಕ್ತಿಯದು?" ಎಂಬುದು. ಎರಡು ಸಾವಿರದ ಆರುನೂರು, ಮೂರು ಸಾವಿರದ ನೂರು, ನಾಲ್ಕು ಸಾವಿರ ಎಂದು ಯಾರಾದರೂ ಉತ್ತರ ಹೇಳಿದರೆ ನಾವು ತಲೆದೂಗುತ್ತೇವೆ. "ಇದರ ಎಷ್ಟು ಗಾಲಿಗಳಿಗೆ ಮೋಟಾರು ಜೋಡಿಸಿದ್ದಾರೆ? ಆ ಗಾಲಿಗಳ ಮೇಲೆ ಎಷ್ಟು ತೂಕ ಕುಳಿತಿದೆ?" ಎಂದು ಕೇಳುವವರು ಅಪರೂಪ. ಆದರೆ ಇಪ್ಪತ್ತನಾಲ್ಕು ಬೋಗಿಗಳ ಪ್ರಯಾಣಿಕರ ಗಾಡಿಯೊಂದು ಮಳೆಯಲ್ಲಿ ಏರಿನ ಮೇಲೆ ನಿಂತುಬಿಟ್ಟರೆ, ಅದು ಮತ್ತೆ ಹೊರಡುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಣಯಿಸುವುದು ಈ ಎರಡನೆಯ ಪ್ರಶ್ನೆಯ ಉತ್ತರವೇ. ಇಂದು ನಾವು ಆ ವಿಷಯವನ್ನು ನೋಡೋಣ. ಕೈಯಲ್ಲಿ ಪೆನ್ಸಿಲ್ ಮತ್ತು ಒಂದು ಹಾಳೆ ಇರಲಿ. ಲೆಕ್ಕ ಹೆಚ್ಚೇನಿಲ್ಲ, ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಡೀಸೆಲ್ ರೈಲು ಎಂಜಿನ್‌ನ ಒಳಗನ್ನು ಸ್ಥೂಲವಾಗಿ ತಿಳಿಯೋಣ. ಅದರೊಳಗೆ ಒಂದು ದೊಡ್ಡ ಡೀಸೆಲ್ ಯಂತ್ರವಿದೆ. ಅದು ಲಾರಿಯ ಯಂತ್ರದಂತೆ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುತ್ ಜನಕವನ್ನು ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತು ತಂತಿಗಳಲ್ಲಿ ಕೆಳಗಿಳಿದು, ಅಚ್ಚುಗಳ ಪಕ್ಕದಲ್ಲಿ ಕೂರಿಸಿರುವ ಮೋಟಾರುಗಳಿಗೆ ಹೋಗುತ್ತದೆ. ಮೋಟಾರು ಹಲ್ಲುಗಾಲಿಗಳ ಮೂಲಕ ಅಚ್ಚನ್ನು ತಿರುಗಿಸುತ್ತದೆ. ಅಂದರೆ ಈ ಎಂಜಿನ್ ತನ್ನ ವಿದ್ಯುದಾಗಾರವನ್ನು ತಾನೇ ಹೊತ್ತು ತಿರುಗುವ ವಿದ್ಯುತ್ ಎಂಜಿನ್. ಒಂದು ಮಾತು ಇಲ್ಲಿ ಸ್ಪಷ್ಟವಾಗಲಿ: ನಾವು ಸಾಮಾನ್ಯವಾಗಿ ಬೋಗಿ ಎಂದು ಕರೆಯುವುದು ಪ್ರಯಾಣಿಕರು ಕೂರುವ ಡಬ್ಬಿಯನ್ನು. ರೈಲ್ವೆ ಎಂಜಿನಿಯರಿಗೆ ಬೋಗಿ ಎಂದರೆ ಡಬ್ಬಿಯ ಅಥವಾ ಎಂಜಿನ್‌ನ ಕೆಳಗಿರುವ, ಗಾಲಿ ಮತ್ತು ಅಚ್ಚುಗಳನ್ನು ಹಿಡಿದಿಡುವ ಚೌಕಟ್ಟು. ಗೊಂದಲವಾಗದಿರಲೆಂದು ಇನ್ನು ಮುಂದೆ ನಾನು ಪ್ರಯಾಣಿಕರು ಕೂರುವುದನ್ನು ಡಬ್ಬಿ ಎಂದೂ ಕೆಳಗಿನದನ್ನು ಗಾಲಿ ಚೌಕಟ್ಟು ಎಂದೂ ಕರೆಯುತ್ತೇನೆ.

ಈಗ ನೀವು ಶಾಲೆಯಲ್ಲಿ ಕಲಿತ ಒಂದು ಸೂತ್ರ. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ನಾಲ್ಕು ಸಾವಿರ ಅಶ್ವಶಕ್ತಿ ಎಂದರೆ ಸುಮಾರು 3000 ಕಿಲೋವಾಟ್. ಇದರಲ್ಲಿ ಒಂದಂಶ ಫ್ಯಾನುಗಳು, ಗಾಳಿ ಒತ್ತುವ ಯಂತ್ರ, ಮೋಟಾರುಗಳ ಬಿಸಿ ಮುಂತಾದ ಕಡೆ ಸೋರಿಹೋಗುತ್ತದೆ. ಗಾಲಿಯ ಅಂಚಿಗೆ 2500 ಕಿಲೋವಾಟ್ ಮುಟ್ಟುತ್ತದೆ ಎಂದು ಇಟ್ಟುಕೊಳ್ಳೋಣ. ಗಾಡಿ ಗಂಟೆಗೆ 108 ಕಿಲೋಮೀಟರ್, ಎಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಓಡುತ್ತಿದ್ದರೆ, 2500ನ್ನು 30ರಿಂದ ಭಾಗಿಸಿ. ಸುಮಾರು 83 ಕಿಲೋನ್ಯೂಟನ್ ಬಲ ಬರುತ್ತದೆ. ಸುಲಭವಾಗಿ ಹೇಳುವುದಾದರೆ ಎಂಟು ಟನ್ ತೂಕದಷ್ಟು ಎಳೆತ. ವೇಗ ಗಂಟೆಗೆ 36 ಕಿಲೋಮೀಟರಿಗೆ ಇಳಿದರೆ ಎಳೆತ 25 ಟನ್. 18 ಕಿಲೋಮೀಟರಿಗೆ ಇಳಿದರೆ 50 ಟನ್. ನಿಂತ ಗಾಡಿಗೆ ವೇಗ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂದು ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ! ಕಾಗದದ ಮೇಲೆ ಎಂಜಿನ್ ಹೊರಡುವಾಗ ಬೆಟ್ಟವನ್ನೇ ಎಳೆಯಬಲ್ಲದು.

ನಿಮ್ಮ ಹಾಳೆಯಲ್ಲಿ ಅಡ್ಡಗೆರೆಯ ಮೇಲೆ ವೇಗವನ್ನೂ ಉದ್ದಗೆರೆಯ ಮೇಲೆ ಎಳೆತವನ್ನೂ ಗುರುತಿಸಿ ಈ ಬಿಂದುಗಳನ್ನು ಸೇರಿಸಿ. ಎಡಗಡೆ ಆಕಾಶಕ್ಕೆ ಏರಿ, ಬಲಗಡೆ ನಿಧಾನವಾಗಿ ನೆಲಕ್ಕಿಳಿಯುವ ಒಂದು ವಕ್ರರೇಖೆ ಸಿಗುತ್ತದೆ. ಇದು ಅಶ್ವಶಕ್ತಿಯ ರೇಖೆ.

ಆದರೆ ಗಾಡಿ ಕಾಗದದ ಮೇಲೆ ಓಡುವುದಿಲ್ಲ, ಉಕ್ಕಿನ ಹಳಿಯ ಮೇಲೆ ಓಡುತ್ತದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಎರಡೂ ನುಣುಪು, ಎರಡೂ ಗಟ್ಟಿ. ಈ ನುಣುಪಿನಿಂದಲೇ ರೈಲು ಅಷ್ಟು ಹಗುರಾಗಿ ಉರುಳುತ್ತದೆ. ಒಂದು ಟನ್ ಭಾರವನ್ನು ಸಮತಟ್ಟು ಹಳಿಯ ಮೇಲೆ ಉರುಳಿಸಲು ಕೆಲವೇ ಕಿಲೋಗ್ರಾಮಿನಷ್ಟು ಎಳೆತ ಸಾಕು. ಆದರೆ ಅದೇ ನುಣುಪು ಎಳೆಯುವ ಗಾಲಿಗೆ ಶತ್ರು. ಗಾಲಿಯ ಮೇಲಿನ ತೂಕದ ಒಂದಂಶದಷ್ಟು ಮಾತ್ರ ಅದು ಹಳಿಯನ್ನು ಹಿಡಿದು ತಳ್ಳಬಲ್ಲದು. ಒಣ ಹಳಿಯ ಮೇಲೆ ಈ ಅಂಶ ಹೆಚ್ಚುಕಡಿಮೆ ನೂರಕ್ಕೆ ಮೂವತ್ತು. ಒದ್ದೆ ಹಳಿಯ ಮೇಲೆ ಇಪ್ಪತ್ತು. ಎಣ್ಣೆ, ಜಿಡ್ಡು, ಕೊಳೆತ ಎಲೆ ಇದ್ದರೆ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ಬಲ ಕೊಟ್ಟರೆ ಗಾಲಿ ನಿಂತಲ್ಲೇ ಗಿರ್ರನೆ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಹಾಗೆ ಸುತ್ತಿದ ಜಾಗದಲ್ಲಿ ಹಳಿಯ ಮೇಲ್ಮೈ ಸುಟ್ಟು ಸಣ್ಣ ಹಳ್ಳ ಬೀಳುವುದೂ ಉಂಟು.

ಹಳ್ಳಿಯಲ್ಲಿರುವವರಿಗೆ ಇದು ಹೊಸದಲ್ಲ. ನೇಗಿಲು ಎಳೆಯುವ ಟ್ರಾಕ್ಟರಿನ ಹಿಂದಿನ ಟಯರುಗಳಿಗೆ ನೀರು ತುಂಬಿಸುವುದನ್ನು ನೀವು ನೋಡಿರಬಹುದು. ಯಂತ್ರದ ಅಶ್ವಶಕ್ತಿ ಅದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ. ಹೆಚ್ಚುವುದು ಟಯರಿನ ಮೇಲಿನ ತೂಕ, ಅದರಿಂದ ನೆಲದ ಹಿಡಿತ.

ಹಾಗಾದರೆ ನಿಮ್ಮ ಹಾಳೆಯ ವಕ್ರರೇಖೆಯ ಮೇಲೆ ಒಂದು ಅಡ್ಡಗೆರೆ ಎಳೆಯಬೇಕಾಯಿತು. ಅದು ಹಿಡಿತದ ಗೆರೆ. ಎಳೆತ ಆ ಗೆರೆಯನ್ನು ದಾಟುವಂತಿಲ್ಲ. ಎರಡೂ ಸಂಧಿಸುವ ಬಿಂದುವಿನ ಎಡಕ್ಕೆ, ಎಂದರೆ ಕಡಿಮೆ ವೇಗದಲ್ಲಿ, ಎಂಜಿನ್‌ನ ಒಡೆಯ ತೂಕ. ಬಲಕ್ಕೆ, ಹೆಚ್ಚು ವೇಗದಲ್ಲಿ, ಒಡೆಯ ಅಶ್ವಶಕ್ತಿ. ಪ್ರಯಾಣಿಕರ ಎಂಜಿನ್ ಮಾಡುವವನಿಗೆ ಎರಡೂ ಬೇಕು. ಗೂಡ್ಸ್ ಗಾಡಿ ನಿಧಾನವಾಗಿ ಹೋದರೂ ನಡೆಯುತ್ತದೆ, ಅದಕ್ಕೆ ಹಿಡಿತವೇ ಮುಖ್ಯ. ಪ್ರಯಾಣಿಕರ ಗಾಡಿ ಗಂಟೆಗೆ ನೂರಕ್ಕೂ ಮಿಗಿಲಾದ ವೇಗದಲ್ಲಿ ಗಂಟೆಗಟ್ಟಲೆ ಓಡಬೇಕು, ಊರೂರಿಗೆ ನಿಂತು ಮತ್ತೆ ಚುರುಕಾಗಿ ಹೊರಡಲೂ ಬೇಕು.

ತೂಕ ಹೆಚ್ಚಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಹಳಿ, ಅದರ ಕೆಳಗಿನ ಸ್ಲೀಪರು, ಜಲ್ಲಿ, ಹಳೆಯ ಸೇತುವೆಗಳು, ಇವೆಲ್ಲ ಪ್ರತಿ ಅಚ್ಚಿನಿಂದ ಇಷ್ಟೇ ಭಾರ ಎಂದು ಮಿತಿ ಹಾಕಿವೆ. ಬಹುಕಾಲ ನಮ್ಮ ದೇಶದ ಹೆದ್ದಾರಿಗಳಲ್ಲಿ ಓಡಾಡಿದ ಡಬ್ಲ್ಯು.ಡಿ.ಎಂ.-2 ಎಂಜಿನ್‌ನ ತೂಕ 112.8 ಟನ್, ಆರು ಅಚ್ಚುಗಳು, ಅಚ್ಚಿಗೆ 18.8 ಟನ್. ಈ ಅಕ್ಷರಗಳ ಗುಟ್ಟನ್ನೂ ಹೇಳಿಬಿಡುತ್ತೇನೆ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಪಿ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸ್‌ಗೆ, ಎಂ ಎರಡಕ್ಕೂ. ಅಮೆರಿಕದ ಆಲ್ಕೋ ಸಂಸ್ಥೆಯ ವಿನ್ಯಾಸದ ಈ 2600 ಅಶ್ವಶಕ್ತಿಯ ಎಂಜಿನ್ 1962ರಲ್ಲಿ ಬಂದಿತು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ತಯಾರಾಗತೊಡಗಿತು. ಆರು ಅಚ್ಚುಗಳಿಗೂ ಮೋಟಾರು ಇದ್ದುದರಿಂದ ಹಿಡಿತಕ್ಕೆ ಅಷ್ಟು ಕೊರತೆ ಇರಲಿಲ್ಲ. ಸಾಲದೆ ಬರುತ್ತಿದ್ದುದು ಅಶ್ವಶಕ್ತಿ. ಆದ್ದರಿಂದಲೇ ದಕ್ಷಿಣದಿಂದ ದೆಹಲಿಗೆ ಹೋಗುತ್ತಿದ್ದ ಉದ್ದನೆಯ ಎಕ್ಸ್‌ಪ್ರೆಸ್ ಗಾಡಿಗಳಿಗೆ ಇಂಥ ಎರಡು ಎಂಜಿನ್‌ಗಳನ್ನು ಜೋಡೆತ್ತಿನಂತೆ ಕಟ್ಟುತ್ತಿದ್ದರು. 1995ರಲ್ಲಿ ಬಂದ ಡಬ್ಲ್ಯು.ಡಿ.ಪಿ.-1 ಬೇರೆಯದೇ ದಾರಿ ಹಿಡಿಯಿತು: ನಾಲ್ಕೇ ಅಚ್ಚು, 80 ಟನ್ ತೂಕ, 2300 ಅಶ್ವಶಕ್ತಿ. ಹಗುರವಾದ ಗಾಡಿಗಳಿಗೆ ಅದು ಸರಿ. ಉದ್ದ ಗಾಡಿಗೆ ಒಂಟಿಯಾಗಿ ಸಾಲದು.

ಇಂದಿನ ಕಥೆಯ ನಾಯಕ ಡಬ್ಲ್ಯು.ಡಿ.ಪಿ.-4. ಅಮೆರಿಕದ ಜನರಲ್ ಮೋಟಾರ್ಸ್‌ನೊಂದಿಗೆ 1995ರಲ್ಲಿ ಆದ ತಂತ್ರಜ್ಞಾನ ಒಪ್ಪಂದದ ಫಲವಾಗಿ ಮೊದಲು ಬಂದದ್ದು ಗೂಡ್ಸ್ ಎಂಜಿನ್ ಡಬ್ಲ್ಯು.ಡಿ.ಜಿ.-4. ನಾಲ್ಕು ಸಾವಿರ ಅಶ್ವಶಕ್ತಿ, 126 ಟನ್, ಆರು ಅಚ್ಚಿಗೂ ಮೋಟಾರು. ಅದರ ಹಿಂದೆಯೇ, 2001ರಲ್ಲಿ, ಅದೇ ಯಂತ್ರವನ್ನು ಹೊತ್ತ ಪ್ರಯಾಣಿಕರ ಎಂಜಿನ್ ಬಂದಿತು. ನಮ್ಮ ಹುಬ್ಬಳ್ಳಿಯ ಡೀಸೆಲ್ ಷೆಡ್ಡೇ ಈ ಎರಡಕ್ಕೂ ಮೊದಲ ತವರು.

ಒಂದೇ ಯಂತ್ರ, ಎರಡು ಎಂಜಿನ್. ವ್ಯತ್ಯಾಸ ಎಲ್ಲಿ? ಮೊದಲನೆಯದು ಹಲ್ಲುಗಾಲಿಗಳಲ್ಲಿ. ಗೂಡ್ಸ್ ಎಂಜಿನ್‌ನಲ್ಲಿ ಮೋಟಾರಿನ 17 ಹಲ್ಲಿಗೆ ಅಚ್ಚಿನ 90 ಹಲ್ಲು. ಪ್ರಯಾಣಿಕರದರಲ್ಲಿ 17ಕ್ಕೆ 77. ಸೈಕಲ್ಲಿನ ಗೇರಿನ ಹಾಗೆ, ಒಂದು ಹೊರೆಗೆ, ಇನ್ನೊಂದು ಓಟಕ್ಕೆ. ಎರಡನೆಯ ವ್ಯತ್ಯಾಸ ನಿಜವಾಗಿ ಧೈರ್ಯದ್ದು. ಡಬ್ಲ್ಯು.ಡಿ.ಪಿ.-4ಕ್ಕೆ ಆರು ಅಚ್ಚುಗಳಿದ್ದರೂ ಮೋಟಾರುಗಳು ನಾಲ್ಕೇ. ಪ್ರತಿ ಗಾಲಿ ಚೌಕಟ್ಟಿನ ಮೂರು ಅಚ್ಚುಗಳಲ್ಲಿ ಒಳಗಡೆಯದು, ಎಂಜಿನ್‌ನ ನಡುವಿನ ಕಡೆಗಿರುವುದು, ಬರಿದೇ ಉರುಳುತ್ತದೆ. ಅದು ಭಾರ ಹೊರುತ್ತದೆ, ಎಳೆಯುವುದಿಲ್ಲ.

ಇದು ಜಿಪುಣತನವೇ? ವಿನ್ಯಾಸಕಾರರ ಕಡೆಯ ವಾದವನ್ನು ಕೇಳೋಣ. ಒಂದೊಂದು ಮೋಟಾರು ಟನ್ನುಗಟ್ಟಲೆ ತೂಗುತ್ತದೆ. ಅದರ ಸುಮಾರು ಅರ್ಧ ಭಾರ ಸ್ಪ್ರಿಂಗಿನ ಆಸರೆ ಇಲ್ಲದೆ ನೇರವಾಗಿ ಅಚ್ಚಿನ ಮೇಲೆಯೇ ಕೂರುತ್ತದೆ. ಸ್ಪ್ರಿಂಗಿಲ್ಲದ ಈ ಭಾರ, ಗಂಟೆಗೆ 160 ಕಿಲೋಮೀಟರ್ ವೇಗಕ್ಕೆಂದು ಮಾಡಿದ ಎಂಜಿನ್‌ನಲ್ಲಿ, ಹಳಿಯ ಪ್ರತಿಯೊಂದು ಸಂದಿನ ಮೇಲೂ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ಎರಡು ಮೋಟಾರು ಕಳೆದರೆ ಒಟ್ಟು ಭಾರವೂ ಇಳಿಯಿತು, ಎರಡು ಅಚ್ಚುಗಳ ಪೆಟ್ಟೂ ತಗ್ಗಿತು, ಹಣವೂ ಉಳಿಯಿತು. ಇನ್ನು ಎಳೆತ? ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಅಶ್ವಶಕ್ತಿ ಕೊಡಬಲ್ಲ ಎಳೆತ ಎಂಟೇ ಟನ್ ಎಂದು ಆಗಲೇ ಲೆಕ್ಕ ಹಾಕಿದೆವು. ನಾಲ್ಕು ಅಚ್ಚುಗಳ ಮೇಲಿನ ತೂಕ 78 ಟನ್ ಎಂದು ಹಿಡಿದರೆ, ಅದರ ನೂರಕ್ಕೆ ಹನ್ನೊಂದರಷ್ಟು ಹಿಡಿತ ಸಾಕು. ಮಳೆಯಲ್ಲೂ ಅಷ್ಟು ಸಿಗುತ್ತದೆ. ಆ ವೇಗದಲ್ಲಿ ಇನ್ನೆರಡು ಮೋಟಾರುಗಳಿದ್ದರೂ ಅವು ಟಿಕೆಟ್ಟಿಲ್ಲದ ಪ್ರಯಾಣಿಕರೇ ಸರಿ!

ವಾದ ಗಟ್ಟಿಯಾಗಿದೆ. ಆದರೆ ಗಾಡಿ 108ರ ವೇಗ ಮುಟ್ಟುವ ಮೊದಲು ಹೊರಡಬೇಕಲ್ಲವೇ? ಈಗ ಆ ಲೆಕ್ಕ ಮಾಡೋಣ.

ಇಪ್ಪತ್ತನಾಲ್ಕು ಡಬ್ಬಿಗಳು, ತುಂಬಿದ ಡಬ್ಬಿಗೆ ಸುಮಾರು 50 ಟನ್ನಿನಂತೆ 1200 ಟನ್. ಎಂಜಿನ್ 117 ಟನ್. ಒಟ್ಟು 1317. ನೂರಕ್ಕೆ ಒಂದರ ಏರು, ಎಂದರೆ ನೂರು ಮೀಟರ್ ಹೋದರೆ ಒಂದು ಮೀಟರ್ ಮೇಲೇರುವ ಹಾದಿ. ಕಣ್ಣಿಗೆ ಅದು ಏರೆಂದೇ ಕಾಣುವುದಿಲ್ಲ. ಆದರೆ ಒಟ್ಟು ಭಾರದ ನೂರನೇ ಒಂದು ಪಾಲು, 13 ಟನ್, ಹಿಂದಕ್ಕೆಳೆಯುತ್ತದೆ. ನಿಂತ ಗಾಲಿಗಳನ್ನು ಉರುಳಿಸಲು ಇನ್ನೊಂದು ಆರು ಟನ್. ನಿಧಾನವಾಗಿಯಾದರೂ ವೇಗ ಕೂಡಬೇಕಾದರೆ ಮತ್ತೆ ನಾಲ್ಕು ಟನ್. ಒಟ್ಟು ಬೇಕಾದದ್ದು 23 ಟನ್.

ನಾಲ್ಕು ಮೋಟಾರಿನ ಎಂಜಿನ್‌ಗೆ ಒಣ ಹಳಿಯ ಮೇಲೆ 78 ಟನ್ನಿನ ನೂರಕ್ಕೆ ಮೂವತ್ತು ಎಂದರೆ 23 ಟನ್ ಹಿಡಿತ. ಸರಿಯಾಗಿ ಅಷ್ಟೇ, ಒಂದು ಗುಂಜಿ ಹೆಚ್ಚಿಲ್ಲ. ಮಳೆ ಬಂದಿತು ಎನ್ನಿ, ಹಿಡಿತ ಇಪ್ಪತ್ತಕ್ಕಿಳಿಯಿತು. ಸಿಗುವುದು ಹದಿನೈದೂವರೆ ಟನ್. ಏರು ಮತ್ತು ಗಾಲಿಗಳೇ 19 ಟನ್ ಕೇಳುತ್ತಿವೆ! ನಾಲ್ಕು ಸಾವಿರ ಕುದುರೆಗಳು ಒಳಗೆ ಕೆನೆಯುತ್ತಿವೆ, ಗಾಡಿ ಮಾತ್ರ ಜಗ್ಗುವುದಿಲ್ಲ. ಇದೇ ಎಂಜಿನ್‌ನ ಆರೂ ಅಚ್ಚುಗಳು ಎಳೆಯುವಂತಿದ್ದರೆ? 117 ಟನ್ನಿನ ನೂರಕ್ಕೆ ಇಪ್ಪತ್ತು, ಇಪ್ಪತ್ಮೂರು ಟನ್ನಿಗೂ ತುಸು ಮೇಲೆ. ನಾಲ್ಕು ಮೋಟಾರಿನದು ಬಿಸಿಲಿನಲ್ಲಿ ಮಾಡುವ ಕೆಲಸವನ್ನು ಆರು ಮೋಟಾರಿನದು ಮಳೆಯಲ್ಲಿ ಮಾಡುತ್ತದೆ.

ಇನ್ನೊಂದು ಬಗೆಯಲ್ಲೂ ನೋಡಬಹುದು. ಹದಿನೈದೂವರೆ ಟನ್ ಹಿಡಿತದ ಗೆರೆಯನ್ನು ನಿಮ್ಮ ಹಾಳೆಯ ಮೇಲೆ ಎಳೆಯಿರಿ. ಅದು ಅಶ್ವಶಕ್ತಿಯ ರೇಖೆಯನ್ನು ಸಂಧಿಸುವುದು ಗಂಟೆಗೆ 58 ಕಿಲೋಮೀಟರಿನ ಹತ್ತಿರ. ಅಂದರೆ ಮಳೆಯ ದಿನ ಗಾಡಿ 58ರ ವೇಗ ಮುಟ್ಟುವ ತನಕ ಎಂಜಿನ್ ತನ್ನ ಪೂರ್ತಿ ಸಾಮರ್ಥ್ಯವನ್ನು ಬಳಸಲಾರದು. ನಿಲ್ದಾಣಗಳು ಹತ್ತಿರ ಹತ್ತಿರ ಇರುವ ಹಾದಿಯಲ್ಲಿ ಇದರಿಂದ ಎಷ್ಟು ನಿಮಿಷ ನಷ್ಟವಾಗಬಹುದೆಂದು ನೀವೇ ಊಹಿಸಿ.

ಜಾರುವ ಗಾಲಿಯನ್ನು ಪಳಗಿಸಲು ಎಂಜಿನಿಯರುಗಳು ಸುಮ್ಮನೆ ಕುಳಿತಿರಲಿಲ್ಲ. ಅತಿ ಹಳೆಯ ಉಪಾಯ ಮರಳು. ಗಾಲಿಯ ಮುಂದೆ ಒಂದು ಕೊಳವೆ, ಮೇಲೆ ಒಣ ಮರಳಿನ ಪೆಟ್ಟಿಗೆ. ಗಾಳಿಯ ಒತ್ತಡದಿಂದ ಮರಳು ಹಳಿಯ ಮೇಲೆ ಉದುರುತ್ತದೆ. ಕಲ್ಲಿದ್ದಲಿನ ಕಾಲದ ಈ ಉಪಾಯ ಇಂದಿಗೂ ನಿವೃತ್ತಿಯಾಗಿಲ್ಲ. ಅನುಭವಿ ಚಾಲಕರಿಗೆ ಗೊತ್ತು, ಜೋರು ಮಳೆಗಿಂತ ತುಂತುರು ಹನಿಯೇ ಅಪಾಯಕಾರಿ. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹನಿ ಹಳಿಯ ಮೇಲಿನ ಧೂಳನ್ನೂ ಜಿಡ್ಡನ್ನೂ ಕಲಸಿ ಸಾಬೂನಿನಂತೆ ಮಾಡುತ್ತದೆ. ಚಾಲಕನ ಕೈಲಿರುವ ಹಿಡಿಕೆಗೆ ಎಂಟು ಮೆಟ್ಟಿಲುಗಳು. ಒದ್ದೆ ಹಳಿಯ ಮೇಲೆ ಒಂದೊಂದೇ ಮೆಟ್ಟಿಲು ಏರಿಸುತ್ತ, ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಕೊಂಡಿಗಳು ಬಿಗಿಯಾಗುವುದನ್ನು ಬೆನ್ನಿನಲ್ಲೇ ಅರಿಯುತ್ತ ಹೊರಡಿಸುವುದು ಒಂದು ವಿದ್ಯೆಯೇ.

ಎರಡನೆಯದು ಮೋಟಾರಿನ ಜಾತಿ. ಹಳೆಯ ನೇರ ವಿದ್ಯುತ್ತಿನ ಮೋಟಾರಿಗೆ ಹಿಡಿತ ತಪ್ಪಿದರೆ ಬೇಗ ಹುಚ್ಚು ಹಿಡಿಯುತ್ತದೆ. ಗಾಲಿ ಸರ್ರನೆ ವೇಗವೇರುತ್ತದೆ. ಹೊಸ ಎಂಜಿನ್‌ಗಳ ಮೂರು ಫೇಸಿನ ಪರ್ಯಾಯ ವಿದ್ಯುತ್ತಿನ ಮೋಟಾರು, ತನಗೆ ಕೊಟ್ಟ ವಿದ್ಯುತ್ತಿನ ಆವರ್ತನೆಗಿಂತ ಹೆಚ್ಚು ಓಡಲಾರದು. ಅದಕ್ಕೆ ಲಗಾಮು ಹುಟ್ಟಿನಿಂದಲೇ ಇದೆ. ಇದರ ಜೊತೆ ಎಂಜಿನ್‌ನ ಅಡಿಯಲ್ಲಿ ಒಂದು ರೇಡಾರ್. ಅದು ನೆಲವನ್ನು ನೋಡಿ ಗಾಡಿಯ ನಿಜವಾದ ವೇಗವನ್ನು ಅಳೆಯುತ್ತದೆ. ಗಾಲಿಯ ವೇಗ ಅದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಗಣಕ ನೋಡಿಕೊಳ್ಳುತ್ತದೆ. ವಿಚಿತ್ರವೆಂದರೆ ಗಾಲಿ ತುಸುವೇ ಜಾರುತ್ತಿರುವಾಗ ಹಿಡಿತ ಅತ್ಯಧಿಕ. ಆ ಹದವನ್ನು ಗಣಕ ಕಾಯುತ್ತದೆ. ಇದರಿಂದಲೇ ನಾಲ್ಕು ಮೋಟಾರಿನ ಡಬ್ಲ್ಯು.ಡಿ.ಪಿ.-4 ಅನುಕೂಲ ಸ್ಥಿತಿಯಲ್ಲಿ ಹೊರಡುವಾಗ ಸುಮಾರು 28 ಟನ್ ಎಳೆಯಬಲ್ಲುದಾಗಿತ್ತು. ನಮ್ಮ 23 ಟನ್ನಿನ ಲೆಕ್ಕಕ್ಕಿಂತ ಇದು ಹೆಚ್ಚೇ.

ಮೂರನೆಯದು ಸೂಕ್ಷ್ಮ. ಸೈಕಲ್ಲಿನಲ್ಲಿ ಜಲ್ಲಿಯ ಏರು ಹತ್ತುವಾಗ ಸೀಟಿನಿಂದೆದ್ದು ಮುಂದಕ್ಕೆ ಬಾಗಿ ತುಳಿದು ನೋಡಿ. ಭಾರ ಮುಂದಕ್ಕೆ ಹೋಗಿ, ಎಳೆಯುವ ಹಿಂದಿನ ಗಾಲಿ ಜಾರುತ್ತದೆ. ರೈಲು ಎಂಜಿನ್‌ನಲ್ಲಿ ಇದರ ಅಣ್ಣತಮ್ಮ ಒಂದಿದೆ. ಗಾಲಿ ತಳ್ಳುವುದು ಹಳಿಯ ಮಟ್ಟದಲ್ಲಿ, ಗಾಡಿ ಹಿಂದಕ್ಕೆಳೆಯುವುದು ಕೊಂಡಿಯ ಎತ್ತರದಲ್ಲಿ, ಎಂದರೆ ಹಳಿಯಿಂದ ಒಂದು ಮೀಟರಿಗೂ ಮೇಲೆ. ಈ ಎತ್ತರದ ಅಂತರದಿಂದ ಎಂಜಿನ್ ತುಸು ಹಿಂದಕ್ಕೆ ಕುಕ್ಕರಿಸಿ, ಮುಂದಿನ ಅಚ್ಚು ಹಗುರಾಗುತ್ತದೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ. ಮುಂದಿನ ಗಾಲಿ ಮೊದಲು ಜಾರುತ್ತದೆ. ಮೋಟಾರುಗಳನ್ನೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಿಸುವ ಹೊಸ ಮಾದರಿಯ ಗಾಲಿ ಚೌಕಟ್ಟುಗಳು ಈ ದೋಷವನ್ನು ತಗ್ಗಿಸಲೆಂದೇ ಬಂದವು.

ಇಷ್ಟೆಲ್ಲ ಉಪಾಯಗಳಿದ್ದರೂ ಕೊನೆಗೆ ಗೆದ್ದದ್ದು ತೂಕವೇ. ಪ್ರಯಾಣಿಕರ ಗಾಡಿಗಳು ಉದ್ದವಾಗುತ್ತ ಹೋದವು, ಹವಾನಿಯಂತ್ರಿತ ಡಬ್ಬಿಗಳು ಹೆಚ್ಚಿದವು. 2010ರ ಸುಮಾರಿಗೆ ಬಂದ ಡಬ್ಲ್ಯು.ಡಿ.ಪಿ.-4ಬಿ ಎಂಜಿನ್‌ನಲ್ಲಿ ಆರು ಅಚ್ಚುಗಳಿಗೂ ಮೋಟಾರು ಬಂದವು. ಅಶ್ವಶಕ್ತಿ ನಾಲ್ಕು ಸಾವಿರದಿಂದ ನಾಲ್ಕೂವರೆ ಸಾವಿರಕ್ಕೆ, ಎಂದರೆ ಎಂಟಕ್ಕೆ ಒಂದು ಪಾಲು ಹೆಚ್ಚಿತು. ಹೊರಡುವಾಗಿನ ಎಳೆತ 28 ಟನ್ನಿನಿಂದ ಸುಮಾರು 40 ಟನ್ನಿಗೆ ಜಿಗಿಯಿತು. ಈ ಎರಡು ಏರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ವಿನ್ಯಾಸ ಕೆಟ್ಟದ್ದೆಂದು ನಾನು ಹೇಳಲಾರೆ. ಸಮತಟ್ಟಾದ ಹಾದಿಯ ವೇಗದ ಗಾಡಿಗೆ ಅದು ಅಚ್ಚುಕಟ್ಟು. ಆದರೆ ನಮ್ಮ ರೈಲ್ವೆಯಲ್ಲಿ ಒಂದೇ ಎಂಜಿನ್ ಇವತ್ತು ಬಯಲಿನಲ್ಲಿ, ನಾಳೆ ಘಟ್ಟದ ಬುಡದಲ್ಲಿ. ಅಂಥ ಕಡೆ ಎರಡು ಸೋಮಾರಿ ಅಚ್ಚುಗಳನ್ನು ಹೊತ್ತು ತಿರುಗುವುದು ದುಬಾರಿಯಾಗುತ್ತದೆ.

ಘಟ್ಟದ ಮಾತು ಬಂದಿತು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ಹಾದಿಯಲ್ಲಿ 37ಕ್ಕೆ ಒಂದರ ಏರಿದೆ. ನಮ್ಮ ಅದೇ ಗಾಡಿಯನ್ನು ಅಲ್ಲಿ ಮೇಲಕ್ಕೆಳೆಯಲು ಲೆಕ್ಕ ಹಾಕಿ: 1317ನ್ನು 37ರಿಂದ ಭಾಗಿಸಿದರೆ 35 ಟನ್ನಿಗೂ ಮೇಲೆ, ಗಾಲಿ ಉರುಳಿಸಲು ಆರು, ಒಟ್ಟು 41 ದಾಟುತ್ತದೆ. ಆರು ಮೋಟಾರಿನ ಎಂಜಿನ್ ಕೂಡ ಒಂಟಿಯಾಗಿ ಕೈಚೆಲ್ಲುತ್ತದೆ. ಆದ್ದರಿಂದಲೇ ಅಲ್ಲಿ ಹತ್ತುವ ಗಾಡಿಗಳಿಗೆ ಹಿಂದಿನಿಂದ ನೂಕಲು ಬ್ಯಾಂಕರ್ ಎಂದು ಕರೆಯುವ ಬೇರೆ ಎಂಜಿನ್‌ಗಳನ್ನು ಜೋಡಿಸುವ ಪದ್ಧತಿ ಬಂದದ್ದು. ಬ್ಯಾಂಕರ್ ತರುವುದು ಅಶ್ವಶಕ್ತಿಯನ್ನು ಮಾತ್ರವಲ್ಲ, ತನ್ನ ತೂಕವನ್ನೂ.

ಎಳೆಯುವ ಅಚ್ಚುಗಳನ್ನು ಹಂಚಿಬಿಡುವ ಜಾಣತನವೂ ಉಂಟು. ಬ್ರಿಟನ್ನಿನಲ್ಲಿ 1976ರಲ್ಲಿ ಓಡಾಟ ಆರಂಭಿಸಿದ ಇಂಟರ್‌ಸಿಟಿ 125 ಎಂಬ ಡೀಸೆಲ್ ಗಾಡಿಗೆ ಎರಡೂ ತುದಿಗಳಲ್ಲಿ 2250 ಅಶ್ವಶಕ್ತಿಯ, ಸುಮಾರು 70 ಟನ್ನಿನ ಒಂದೊಂದು ಎಂಜಿನ್. ಅಚ್ಚಿನ ಭಾರ ಹದಿನೇಳೂವರೆ ಟನ್ನಿನಷ್ಟೇ, ಎಳೆಯುವ ಅಚ್ಚುಗಳು ಎಂಟು, ವೇಗ ಗಂಟೆಗೆ 200 ಕಿಲೋಮೀಟರ್. ನಮ್ಮಲ್ಲಿ 2019ರಲ್ಲಿ ಬಂದ ವಂದೇ ಭಾರತ್ ವಿದ್ಯುತ್ ಗಾಡಿ ಈ ಹಾದಿಯಲ್ಲಿ ಇನ್ನೂ ಮುಂದೆ ಹೋಗಿ, ಬೇರೆ ಎಂಜಿನ್ನೇ ಇಲ್ಲದೆ, ಅರ್ಧದಷ್ಟು ಅಚ್ಚುಗಳಿಗೆ ಮೋಟಾರು ಕೂರಿಸಿಕೊಂಡಿದೆ.

ನಮ್ಮ ಬ್ರಾಡ್‌ಗೇಜ್ ಹಾದಿಗಳ ಬಹುಪಾಲು ಈಗ ವಿದ್ಯುದೀಕರಣವಾಗಿದೆ. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದಲೇ ಡೀಸೆಲ್ ಎಂಬ ಪದ 2020ರಲ್ಲಿ ಹೋಗಿ, ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಗಿದೆ. ಆದರೆ ಹಳಿ ಅದೇ ಹಳಿ, ಮಳೆ ಅದೇ ಮಳೆ. ಕೊನೆಗೆ ನಿಮಗೊಂದು ಲೆಕ್ಕ ಕೊಡುತ್ತೇನೆ. ಡಬ್ಲ್ಯು.ಎ.ಪಿ.-5 ಎಂಬ ವಿದ್ಯುತ್ ಎಂಜಿನ್‌ಗೆ ನಾಲ್ಕು ಅಚ್ಚು, 78 ಟನ್ ತೂಕ, ಐದು ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ. ಡಬ್ಲ್ಯು.ಎ.ಪಿ.-7ಕ್ಕೆ ಆರು ಅಚ್ಚು, 123 ಟನ್, ಆರು ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ. ಎರಡರಲ್ಲೂ ಎಲ್ಲ ಅಚ್ಚುಗಳಿಗೂ ಮೋಟಾರು ಇದೆ. ಈ 78 ಎಂಬ ಅಂಕಿಯನ್ನು ನೀವು ಇವತ್ತು ಆಗಲೇ ಒಮ್ಮೆ ಕಂಡಿದ್ದೀರಿ. ನೂರಕ್ಕೆ ಒಂದರ ಏರು, ಇಪ್ಪತ್ತನಾಲ್ಕು ಡಬ್ಬಿ, ಒದ್ದೆ ಹಳಿ. ಎರಡು ಎಂಜಿನ್‌ಗಳಿಗೂ ಹಿಡಿತದ ಗೆರೆ ಎಳೆದು, ಯಾವುದನ್ನು ಜೋಡಿಸುವಿರೆಂದು ನಿಮ್ಮ ಭೌತಶಾಸ್ತ್ರದ ಉಪಾಧ್ಯಾಯರಿಗೆ ತೋರಿಸಿ. ಎಂಜಿನ್‌ನ ಸ್ವಂತ ತೂಕವನ್ನು ಒಟ್ಟು ಭಾರಕ್ಕೆ ಸೇರಿಸುವುದನ್ನು ಮರೆಯಬೇಡಿ.